ಗುರುವಪ್ಪಣ್ಣನ ಸೋಲೋ, ಶಾಹುಲಾಕನ ಬೈರಾಸು

ಡ್ರಮ್ ಸೋಲೋ ಎಂದರೆ ನನಗೆ ಕಷಾಯ ಕುಡಿಯುವ ಸಮಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ಜಗಳಕ್ಕೆ ಬರಬಾರದು. ನಾನು ಎಸ್ತೆರ್, ಮುಖೇಶನ ಆರ್ಕೆಸ್ಟ್ರಾದ ಹಾಡುಗಾರ್ತಿ. ಹಗಲು ಬಲ್ಮಠದ ಒಂದು ಕಾಲೇಜಿನ ಆಫೀಸಿನಲ್ಲಿ ಅರ್ಜಿಗಳಿಗೆ ಸೀಲು ಹೊಡೆಯುತ್ತೇನೆ. ಆದಿತ್ಯವಾರ ಬೆಳಿಗ್ಗೆ ಚರ್ಚಿನ ಕ್ವಾಯರ್‌ನಲ್ಲಿ ನಿಲ್ಲುತ್ತೇನೆ. ಉಳಿದ ಸಂಜೆಗಳಲ್ಲಿ ಮದರಂಗಿ, ರಿಸೆಪ್ಶನ್, ಯುವಕ ಮಂಡಲದ ವಾರ್ಷಿಕೋತ್ಸವ, ಹೀಗೆ ಕರೆದಲ್ಲಿ ಹೋಗಿ ಹಾಡುತ್ತೇನೆ. ನಮ್ಮ ಚರ್ಚಿನಲ್ಲಿ ಆರ್ಗನ್ ಬಾರಿಸುವವರು ಎಷ್ಟೇ ಗಟ್ಟಿಗರಾದರೂ ಹಾಡು ಮುಗಿದ ಕೂಡಲೇ ಕೈ ತೆಗೆಯುತ್ತಾರೆ. ಹಾಡುವವರು ಬಾಯಿ ಮುಚ್ಚಿದ ಮೇಲೂ ಒಬ್ಬರೇ ಕೂತು ಬಡಿಯುತ್ತಲೇ ಇರುವುದು ಯಾವ ಸೀಮೆಯ ಸಂಗೀತ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆದರೆ ಇದು ನನ್ನ ಕಥೆಯಲ್ಲ, ನಮ್ಮ ಡ್ರಮ್ಮರ್ ಗುರುವಪ್ಪಣ್ಣನದ್ದು. ಕುದ್ರೋಳಿಯವರು. ಐವತ್ತೈದು ದಾಟಿದೆ. ತಲೆಗೂದಲಿಗೆ ಬಣ್ಣ ಹಾಕುವುದಿಲ್ಲ, ಮೀಸೆಗೆ ಮಾತ್ರ ಹಾಕುತ್ತಾರೆ. ಏಕೆಂದು ಕೇಳಿದರೆ, ತಲೆಗೆ ಹೇಗೂ ಟೊಪ್ಪಿ ಉಂಟಲ್ಲ ಎನ್ನುತ್ತಾರೆ. ಹಗಲು ಬಂದರಿನ ಒಂದು ಒಣಮೆಣಸಿನ ಗೋಡೌನಿನಲ್ಲಿ ಲೋಡು ಇಳಿಸುವುದನ್ನು ನೋಡಿಕೊಳ್ಳುವ ಕೆಲಸ. ಅಲ್ಲಿಂದ ನೇರ ಪ್ರೋಗ್ರಾಮಿಗೆ ಬಂದ ದಿನ ವ್ಯಾನಿನಲ್ಲಿ ಅವರ ಪಕ್ಕ ಕೂತವರು ಸೀನುತ್ತಾ ಕೂರಬೇಕು. ನಾನು ಹಾಡುಗಾರ್ತಿಯಾದ್ದರಿಂದ ಡ್ರೈವರನ ಪಕ್ಕದ ಸೀಟು ನನ್ನದು ಎಂದು ಮೊದಲೇ ಮುಖೇಶನ ಹತ್ತಿರ ಮಾತಾಡಿಕೊಂಡಿದ್ದೇನೆ.

ಸಣ್ಣದಿರುವಾಗ ಗುರುವಪ್ಪಣ್ಣ ನವರಾತ್ರಿಗೆ ಹುಲಿವೇಷದ ತಂಡದಲ್ಲಿ ತಾಸೆ ಬಾರಿಸುತ್ತಿದ್ದರಂತೆ. ಕುತ್ತಿಗೆಗೆ ನೇತುಹಾಕಿಕೊಂಡು ಎರಡು ತೆಳ್ಳಗಿನ ಕೋಲುಗಳಲ್ಲಿ ಬಾರಿಸುವ ಆ ವಾದ್ಯದ ಸದ್ದು ಕಿವಿಗೆ ಬಿದ್ದರೆ ನಮ್ಮ ಊರಿನವರ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಬ್ಯಾಂಕಿನ ಮ್ಯಾನೇಜರು ಆದರೂ ಅಷ್ಟೇ, ನಮ್ಮ ಚರ್ಚಿನ ಅಯ್ಯನವರಾದರೂ ಅಷ್ಟೇ. ಅಯ್ಯನವರು ಮಾತ್ರ ಶೂ ಒಳಗೆ ಬೆರಳು ಆಡಿಸುತ್ತಾರೆ. ಆದರೆ ಜನ ನೋಡುವುದು ಬಣ್ಣ ಹಾಕಿದ ಹುಲಿಯನ್ನು. ತಾಸೆಯವನು ಹುಲಿಯ ಹಿಂದೆ ನಡೆಯುವವನು, ಫೋಟೊದಲ್ಲಿ ಅರ್ಧ ಕೈ ಮಾತ್ರ ಬರುವವನು. ಅಲ್ಲಿಂದ ಬ್ಯಾಂಡ್‌ಸೆಟ್ಟಿಗೆ ಹೋದರು, ಬ್ಯಾಂಡ್‌ಸೆಟ್ಟಿನಿಂದ ಆರ್ಕೆಸ್ಟ್ರಾಕ್ಕೆ ಬಂದರು. ಈಗಿರುವ ಡ್ರಮ್ ಸೆಟ್ಟು ಒಂದು ಹೋಟೆಲಿನ ಬ್ಯಾಂಡ್ ಮುಚ್ಚಿದಾಗ ಸಿಕ್ಕಿದ್ದು. ದೊಡ್ಡ ಡ್ರಮ್ಮಿನ ಮುಖದಲ್ಲಿ ಬರೆದಿದ್ದ ಹೋಟೆಲಿನ ಹೆಸರಿನ ಮೇಲೆ ಮುಖೇಶ ತನ್ನ ಆರ್ಕೆಸ್ಟ್ರಾದ ಹೆಸರು ಬರೆಸಿದ. ಲೈಟು ಹಿಂದಿನಿಂದ ಬಿದ್ದರೆ ಎರಡೂ ಒಟ್ಟಿಗೆ ಕಾಣುತ್ತವೆ, ಒಂದನ್ನೂ ಓದಲಾಗುವುದಿಲ್ಲ.

ಈಗ ಸೋಲೋ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಮದುವೆ ಮನೆಯವರು ಊಟಕ್ಕೆ ಏಳಿ ಎಂದು ಮೈಕಿನಲ್ಲಿ ಹೇಳಿಸುವುದಿಲ್ಲ. ಅದು ಮರ್ಯಾದೆಯಲ್ಲ. ಮನೆಯ ಯಜಮಾನ ಊಟದ ಹಾಲಿನ ಬಾಗಿಲಲ್ಲಿ ಕೈಮುಗಿದು ನಿಂತು ಒಬ್ಬೊಬ್ಬರನ್ನೂ ಬಾಯಿ ತುಂಬ ಕರೆಯಬೇಕು. ಬಂದವರೂ ಹಾಗೆಲ್ಲ ಒಂದೇ ಮಾತಿಗೆ ಏಳುವುದಿಲ್ಲ. ಅವಸರ ಇಲ್ಲ, ಮಕ್ಕಳದ್ದಾಗಲಿ, ದೂರದವರದ್ದಾಗಲಿ ಎಂದು ಹೇಳಿ ಹೇಳಿ ಕೊನೆಗೆ ಏಳುತ್ತಾರೆ. ಇಷ್ಟು ಹೊತ್ತು ಕಾದರೆ ಘೀ ರೈಸ್ ತಣಿಯುತ್ತದೆ, ಅಡುಗೆಯವರಿಗೆ ಸಿಟ್ಟು ಬರುತ್ತದೆ.

ನಮ್ಮ ಹೆಚ್ಚಿನ ಕಾರ್ಯಕ್ರಮಗಳಿಗೆ ಊಟ ಶಾಹುಲಾಕನದ್ದು. ಕುದ್ರೋಳಿಯಲ್ಲೇ ಅವರ ಅಡುಗೆ ಶೆಡ್ಡು ಇದೆ, ಗುರುವಪ್ಪಣ್ಣನ ಮನೆಯಿಂದ ಕೂಗಿದರೆ ಕೇಳುತ್ತದೆ. ಅವರೂ ಮುಖೇಶನೂ ಸೇರಿ ಒಂದು ಉಪಾಯ ಮಾಡಿದರು. ಊಟ ತಯಾರಾದ ಕೂಡಲೇ ಶಾಹುಲಾಕ ಹಾಲಿನ ಹಿಂದಿನ ಬಾಗಿಲಲ್ಲಿ ನಿಂತು ಹೆಗಲ ಮೇಲಿನ ಬೈರಾಸನ್ನು, ಅಂದರೆ ಟವೆಲನ್ನು, ತಲೆಗೆ ಕಟ್ಟಿಕೊಳ್ಳುತ್ತಾರೆ. ಸ್ಟೇಜಿನಿಂದ ಮುಖೇಶ ಅದನ್ನು ನೋಡುತ್ತಾನೆ. ಕೀಬೋರ್ಡ್ ನಿಲ್ಲಿಸಿ, ಈಗ ನಿಮ್ಮ ಮುಂದೆ ಡ್ರಮ್ಸ್‌ನ ಮಾಂತ್ರಿಕ ಗುರುವಪ್ಪ ಎಂದು ಘೋಷಿಸುತ್ತಾನೆ. ನಾನು ಫ್ಲಾಸ್ಕ್ ತೆಗೆಯುತ್ತೇನೆ. ಜನ ಏಳುತ್ತಾರೆ. ಹಾಡಿನ ನಡುವೆ ಎದ್ದು ಹೋದರೆ ಹಾಡುವವರಿಗೆ ಅವಮಾನ, ಡ್ರಮ್ಮಿನ ನಡುವೆ ಎದ್ದರೆ ಯಾರಿಗೂ ಏನೂ ಅಲ್ಲ ಎಂದು ಎಲ್ಲರೂ ತಮ್ಮಷ್ಟಕ್ಕೆ ತೀರ್ಮಾನಿಸಿಕೊಂಡಿದ್ದರು. ವರ್ಷಗಳು ಕಳೆದು ಇದು ಎಷ್ಟು ರೂಢಿಯಾಯಿತೆಂದರೆ, ಈಗ ಮುಖೇಶನ ಆರ್ಕೆಸ್ಟ್ರಾ ಇದ್ದಲ್ಲಿ ಡ್ರಮ್ ಒಂದೇ ಕೇಳಿತೆಂದರೆ ಅಜ್ಜಿಯರು ಕುರ್ಚಿಯ ಕೆಳಗೆ ಚಪ್ಪಲಿ ಹುಡುಕತೊಡಗುತ್ತಾರೆ.

ಗುರುವಪ್ಪಣ್ಣನಿಗೆ ಇದು ಗೊತ್ತಿಲ್ಲವೇ ಎಂದು ಕೇಳಬೇಡಿ. ಗೊತ್ತು. ಅವರು ಸ್ಟೇಜಿನಲ್ಲಿ ಎಲ್ಲರಿಗಿಂತ ಎತ್ತರದಲ್ಲಿ ಕೂರುವವರು. ಕುರ್ಚಿಗಳು ಖಾಲಿಯಾಗುವುದು ಅವರಿಗೇ ಮೊದಲು ಕಾಣುತ್ತದೆ. ಆದರೂ ಅವರು ಸೋಲೋವನ್ನು ಒಂದು ಪೆಟ್ಟು ಕೂಡ ಕಡಿಮೆ ಮಾಡಿದವರಲ್ಲ. ಅದರಲ್ಲಿ ಮೂರು ಭಾಗಗಳು, ಮೂರಕ್ಕೂ ಅವರೇ ಹೆಸರಿಟ್ಟಿದ್ದಾರೆ. ಮೊದಲನೆಯದು ಬಂದರು: ಗೋಣಿ ಇಳಿಸುವ, ಗಾಡಿ ತಳ್ಳುವ, ದಕ್ಕೆಯಲ್ಲಿ ದೋಣಿ ಒಂದಕ್ಕೊಂದು ತಾಗುವ ಸದ್ದುಗಳು. ಎರಡನೆಯದು ರೈಲು. ಮೂರನೆಯದು ಹುಲಿ. ಹುಲಿ ಬರುವಾಗ ದಪ್ಪ ಕೋಲುಗಳನ್ನು ಕೆಳಗಿಟ್ಟು, ತಾಸೆಯ ಕಾಲದ ಎರಡು ತೆಳ್ಳಗಿನ ಬೆತ್ತದ ಕೋಲುಗಳನ್ನು ತೆಗೆಯುತ್ತಾರೆ. ಆ ಹೊತ್ತಿಗೆ ಹಾಲಿನಲ್ಲಿ ಉಳಿದಿರುವುದು ವೈರು ಸುತ್ತುವವರು, ನಿದ್ದೆ ಬಂದ ಮಕ್ಕಳು ಮತ್ತು ಸಕ್ಕರೆ ಕಾಯಿಲೆಯಿಂದಾಗಿ ಮನೆಯಲ್ಲೇ ಊಟ ಮಾಡಿ ಬಂದವರು. ಹುಲಿಯ ಭಾಗವನ್ನು ನಾನೂ ಕೇಳಿರಲಿಲ್ಲ. ನಾನು ಗ್ರೀನ್ ರೂಮಿನಲ್ಲಿ ಕಷಾಯ ಕುಡಿಯುತ್ತಾ ಫೋನ್ ನೋಡುತ್ತಿರುತ್ತೇನೆ, ಅಲ್ಲಿ ಫ್ಯಾನಿನ ಸದ್ದು ದೊಡ್ಡದು.

ಒಮ್ಮೆ ವ್ಯಾನಿನಲ್ಲಿ ಹೋಗುವಾಗ ನನಗೆ ತಡೆಯಲಾಗಲಿಲ್ಲ.

“ಹುಲಿಯನ್ನು ಮೊದಲೇ ಬಿಡಿ ಗುರುವಪ್ಪಣ್ಣ. ಒಬ್ಬ ಏಳುವುದಿಲ್ಲ ಮತ್ತೆ.”

“ಹುಲಿ ಮೊದಲೇ ಬಂದ್ರೆ ಮತ್ತೆ ಕಾಯ್ಲಿಕ್ಕೆ ಎಂತ ಉಂಟು?” ಎಂದರು ಅವರು.

ಈಗಲೂ ಯಾರೂ ಕಾಯುತ್ತಿಲ್ಲವಲ್ಲ ಮಾರಾಯ್ರೆ ಎಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ನಾಯಿಬಾಲದ ಡೊಂಕು ಎಂದು ರಸ್ತೆಯ ಕಡೆ ತಿರುಗಿದೆ.

ಅವರಿಗೆ ಒಬ್ಬಳೇ ಮಗಳು, ನಿರೀಕ್ಷಾ. ಹಂಪನಕಟ್ಟೆಯ ಹತ್ತಿರ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಿರಾಕಿಗೆ ಫ್ರೇಮ್ ಒಪ್ಪದಿದ್ದರೆ ಒಪ್ಪುವುದಿಲ್ಲ ಎಂದು ಮುಖಕ್ಕೇ ಹೇಳುತ್ತಾಳೆ, ಅದಕ್ಕೆ ಧಣಿಗಳು ಅವಳನ್ನು ಬೈಯುತ್ತಾರೆ, ಗಿರಾಕಿಗಳು ಮಾತ್ರ ಅವಳೇ ಬೇಕು ಎನ್ನುತ್ತಾರೆ. ಅವಳಿಗೆ ಸುರತ್ಕಲ್ಲಿನ ಹುಡುಗನೊಂದಿಗೆ ಮದುವೆ ನಿಶ್ಚಯವಾಯಿತು, ಹುಡುಗ ಬಹರೈನಿನಲ್ಲಿ. ನಿಶ್ಚಯದ ಮರುವಾರ ಪ್ರೋಗ್ರಾಮಿಗೆ ಹೋಗುವಾಗ ಗುರುವಪ್ಪಣ್ಣ ವ್ಯಾನಿನಲ್ಲಿ ನಮ್ಮೆಲ್ಲರಿಗೂ ಕೇಳುವ ಹಾಗೆ ಒಂದು ಮಾತು ಹೇಳಿದರು.

“ನಿರೀಕ್ಷಾನ ಮದರಂಗಿಗೆ ಸೋಲೋ ಮುಗಿದ ಮೇಲೆಯೇ ಊಟ. ಶಾಹುಲನಿಗೂ ಹೇಳಿದ್ದೇನೆ, ಆವತ್ತು ಬೈರಾಸು ಮನೆಯಲ್ಲಿಟ್ಟು ಬಾ ಅಂತ. ಒಂದು ಸಲ ಎಲ್ಲರೂ ಹುಲಿವರೆಗೆ ಕೂತ್ಕೊಳ್ಳಬೇಕು. ಮತ್ತೆ ನಾನು ಜನ್ಮದಲ್ಲಿ ಕೇಳುವುದಿಲ್ಲ.”

ಯಾರೂ ನಗಲಿಲ್ಲ. ಮುಖೇಶ ಕೂಡ ಕಿಟಕಿಯ ಹೊರಗೆ ನೋಡಿದ. ಒಬ್ಬ ಮನುಷ್ಯ ಇಷ್ಟು ವರ್ಷ ಜನರ ಬೆನ್ನಿಗೇ ಬಾರಿಸಿದ್ದಾನೆ ಎಂಬುದು ಆಗ ನಮಗೆ ಸ್ವಲ್ಪ ಹೊತ್ತು ಹೊಳೆದಿತ್ತು. ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಯಾರೋ ಸೀನಿದರು.

ಅಲ್ಲಿಂದ ಅವರ ಅಭ್ಯಾಸ ಜೋರಾಯಿತು. ಗೋಡೌನಿನಲ್ಲಿ ಮೆಣಸಿನ ಗೋಣಿಗಳ ಮೇಲೆಯೇ ಬಾರಿಸುತ್ತಿದ್ದರಂತೆ. ಧೂಳೆದ್ದು ಲೋಡಿನವರೆಲ್ಲ ಕಣ್ಣೀರು ಸುರಿಸುತ್ತಾ ಹೊರಗೆ ಬಂದು ನಿಂತರೆಂದೂ, ಮದುವೆ ಮುಗಿಯುವವರೆಗೆ ಬೇಳೆಯ ವಿಭಾಗಕ್ಕೆ ಹೋಗಿ ಎಂದು ಧಣಿಗಳು ಹೇಳಿದರೆಂದೂ ಶಾಹುಲಾಕ ನನಗೆ ಹೇಳಿದರು.

ಇಷ್ಟರಲ್ಲಿ ಹೇಮಾಕ್ಷಕ್ಕನಿಗೆ ವಿಷಯ ಗೊತ್ತಾಯಿತು. ಗುರುವಪ್ಪಣ್ಣನ ಹೆಂಡತಿ, ಮಾತು ಕಡಿಮೆ, ಆಡಿದರೆ ಎರಡನೇ ಸಲ ಆಡಬೇಕಾಗಿಲ್ಲ. ಮದುಮಗಳ ಅಪ್ಪ ಸ್ಟೇಜಿನಲ್ಲಿ ಕೋಲು ಹಿಡಿದು ಕೂತರೆ ಬಾಗಿಲಲ್ಲಿ ನಿಂತು ಬಂದವರನ್ನು ಊಟಕ್ಕೆ ಕರೆಯುವವರು ಯಾರು ಎಂದು ಕೇಳಿದರಂತೆ. ಗುರುವಪ್ಪಣ್ಣ ಅಣ್ಣನ ಹೆಸರು ಹೇಳಿದರು. ಅವರಿಗೆ ಮೊಣಕಾಲು ನೋವು. ಭಾವನ ಹೆಸರು ಹೇಳಿದರು. ಭಾವನಿಗೂ ಇವರಿಗೂ ಮಾತಿಲ್ಲ. ಗಂಡಿನ ಕಡೆಯವರು ಬಂದು ಕೂತಿರುವಾಗ ಊಟ ತಡೆದು ಡೋಲು ಬಡಿದರೆ ನಾಳೆ ಮಗಳು ಆ ಮನೆಯಲ್ಲಿ ತಲೆ ಎತ್ತುವುದು ಹೇಗೆ ಎಂದು ಹೇಮಾಕ್ಷಕ್ಕ ಕೇಳಿದ ಮೇಲೆ ಗುರುವಪ್ಪಣ್ಣ ಸೋಲೋ ಬಿಟ್ಟುಕೊಟ್ಟರು. ಒಂದೇ ಒಂದು ಕೇಳಿಕೊಂಡರು, ಡ್ರಮ್ ಸೆಟ್ಟು ಸ್ಟೇಜಿನಲ್ಲಿ ಇರಲಿ, ಅದಿಲ್ಲದೆ ಸ್ಟೇಜು ಹಲ್ಲುದುರಿದ ಬಾಯಿಯ ಹಾಗೆ ಕಾಣುತ್ತದೆ ಎಂದು. ಇರಲಿ, ಹೂ ಹಾಕಿಸುತ್ತೇನೆ ಎಂದರು ಹೇಮಾಕ್ಷಕ್ಕ.

ಹಾಗೆ ಮದರಂಗಿಯ ಸಂಜೆ ಉರ್ವದ ಹತ್ತಿರದ ಒಂದು ಹಾಲಿನಲ್ಲಿ ಡ್ರಮ್ ಸೆಟ್ಟು ಗೊಂಡೆಹೂವಿನ ಮಾಲೆ ಹಾಕಿಕೊಂಡು ಕೂತಿತ್ತು. ಡೆಕೋರೇಶನಿನವರು ಸಿಂಬಲ್ಲಿನ ಹಿತ್ತಾಳೆ ತಟ್ಟೆಯನ್ನೂ ಬಿಡದೆ ಹೂ ಸುತ್ತಿದ್ದರು. ಸುತ್ತುವ ಭರದಲ್ಲಿ ಸ್ಟ್ಯಾಂಡಿನ ಒಂದು ತಿರುಪು ಕಳಚಿ ಎಲ್ಲೋ ಬಿದ್ದಿತ್ತು. ಅದರ ಎದುರು ಅಲಂಕಾರದ ಸೋಫಾದಲ್ಲಿ ನಿರೀಕ್ಷಾ ಕೂತಿದ್ದಳು. ಮೊಣಕೈವರೆಗೆ ಹಸಿ ಮದರಂಗಿ, ಪಾದಗಳಿಗೂ ಮದರಂಗಿ. ಅಂಗೈ ಮೇಲೆ ಮಾಡಿ ಎರಡೂ ಕೈಗಳನ್ನು ದಿಂಬಿನ ಮೇಲೆ ಇಟ್ಟುಕೊಂಡು ಅಲ್ಲಾಡದೆ ಕೂರಬೇಕು. ಮೂಗು ತುರಿಸಿದರೂ ಯಾರನ್ನಾದರೂ ಕರೆಯಬೇಕು. ಅವತ್ತು ತುರಿಸಲು ಎರಡು ಸಲ ನನ್ನನ್ನೇ ಕರೆದಳು.

ಮೇಲೆ ಸ್ಟೇಜು ಮತ್ತು ಕುರ್ಚಿಗಳು, ಕೆಳಗಿನ ಮಹಡಿಯಲ್ಲಿ ಊಟ. ಗುರುವಪ್ಪಣ್ಣ ರೇಷ್ಮೆ ಪಂಚೆ ಉಟ್ಟು, ಶಾಲು ಹೊದ್ದು ಕೆಳಗೆ ಊಟದ ಬಾಗಿಲಲ್ಲಿ ನಿಂತಿದ್ದರು. ಆವತ್ತು ಟೊಪ್ಪಿ ಇರಲಿಲ್ಲ. ಬಿಳಿ ತಲೆಯೂ ಕಪ್ಪು ಮೀಸೆಯೂ ಬೇರೆ ಬೇರೆ ಇಬ್ಬರಿಗೆ ಸೇರಿದ್ದರ ಹಾಗೆ ಕಂಡವು. ಡ್ರಮ್ಮಿನ ಬದಲು ಮುಖೇಶ ಕೀಬೋರ್ಡಿನಲ್ಲಿರುವ ರೆಡಿಮೇಡ್ ತಾಳ ಹಾಕಿದ. ನಾನು ಹಾಡಿದೆ. ಗಂಡಿನ ಕಡೆಯ ಹುಡುಗಿಯರು ಕುಣಿದರು, ರೀಲ್ಸ್ ಮಾಡಿದರು. ಎಲ್ಲ ಸರಿಯಾಗಿಯೇ ನಡೆದಿತ್ತು, ಊಟದ ಹೊತ್ತಿನವರೆಗೆ.

ಊಟ ಬರಲಿಲ್ಲ. ಹಾಲಿನ ಕಡೆ ಬರುವ ರಸ್ತೆಯನ್ನು ಕಾಂಕ್ರೀಟ್ ಹಾಕಲಿಕ್ಕೆಂದು ಹಿಂದಿನ ದಿನವಷ್ಟೇ ಅಗೆದಿದ್ದರು. ಶಾಹುಲಾಕನ ಟೆಂಪೊ ಸುತ್ತು ದಾರಿ ಹಿಡಿದು ಒಂದು ಓಣಿಗೆ ನುಗ್ಗಿತು, ಎದುರಿನಿಂದ ಕಾಂಕ್ರೀಟ್ ಲಾರಿ ಬಂತು. ಲಾರಿ ಹಿಂದೆ ಹೋಗುವ ಹಾಗಿಲ್ಲ, ಟೆಂಪೊದ ಹಿಂದೆ ಸ್ಕೂಟರುಗಳು ನಿಂತಿದ್ದವು. ಘೀ ರೈಸ್, ಚಿಕನ್ ಸುಕ್ಕ, ಸಾರು ಎಲ್ಲ ಓಣಿಯಲ್ಲೇ ಉಳಿದವು. ಫೋನ್ ಮಾಡಿದಾಗಲೆಲ್ಲ ಶಾಹುಲಾಕ ಈಗ ಬಂದೆ ಎನ್ನುತ್ತಿದ್ದರು. ಅವರ ಹಿಂದೆ ಹಾರ್ನಿನ ಸದ್ದು ಕೇಳುತ್ತಿತ್ತು.

ಮುಖೇಶ ನನಗೆ ಇನ್ನೊಂದು, ಇನ್ನೊಂದು ಎಂದು ಸನ್ನೆ ಮಾಡುತ್ತಲೇ ಇದ್ದ. ತುಳು ಹಾಡಿದೆ, ಕನ್ನಡ ಹಾಡಿದೆ, ಹಿಂದಿ ಹಾಡಿದೆ, ಕೊಂಕಣಿಯದ್ದೂ ಒಂದು ಹಾಡಿದೆ. ಕೊನೆಗೆ ಸ್ವರ ಹೋಯಿತು. ಹೋಯಿತೆಂದರೆ ಹೋಯಿತು, ಪಲ್ಲವಿ ಬಾಯಿಯಿಂದ ಬರಲಿಲ್ಲ, ಗಾಳಿ ಬಂತು. ನಾನು ಫ್ಲಾಸ್ಕಿಗೆ ಕೈ ಹಾಕಿದೆ. ಸ್ಟೇಜು ನಿಶ್ಶಬ್ದವಾಗಬಾರದು ಎಂದು ಮುಖೇಶ ಕೀಬೋರ್ಡಿನ ತಾಳವನ್ನಷ್ಟೇ ಬಿಟ್ಟ. ಬರೀ ತಾಳ. ಡ್ರಮ್ಮಿನ ಸದ್ದು ಮಾತ್ರ.

ಮುನ್ನೂರು ಜನ ಎದ್ದು ನಿಂತರು.

ಮುಖೇಶನಿಗೆ ತಾನು ಮಾಡಿದ್ದೇನೆಂದು ಹೊಳೆಯುವ ಮೊದಲೇ ಅರ್ಧ ಹಾಲು ಮೆಟ್ಟಿಲಿಳಿದಿತ್ತು. ಗಂಡಿನ ಕಡೆಯವರಿಗೆ ಈ ರೂಢಿ ಗೊತ್ತಿರಲಿಲ್ಲ, ಆದರೆ ಎಲ್ಲರೂ ಹೊರಟಾಗ ಅವರೂ ಹೊರಟರು. ಕೆಳಗೆ ಬಾಗಿಲಲ್ಲಿದ್ದ ಗುರುವಪ್ಪಣ್ಣನಾದರೂ ತಡೆಯಬಹುದಿತ್ತಲ್ಲ? ಅವರಿಗೂ ಮೇಲಿನಿಂದ ಡ್ರಮ್ ಒಂದೇ ಕೇಳಿತು. ಹಿಂದಿನ ಗೇಟಿನಿಂದ ಊಟ ಬಂದಿರಬೇಕು, ಶಾಹುಲ್ ಬೈರಾಸು ಕಟ್ಟಿರಬೇಕು ಎಂದು ಇಷ್ಟು ವರ್ಷ ಆ ಸದ್ದು ಮಾಡಿದ ಮನುಷ್ಯನೇ ನಂಬಿದರು. ಕೈಮುಗಿದು, ಬನ್ನಿ, ಊಟ ಮಾಡಿ, ಹೊಟ್ಟೆ ತುಂಬ ಮಾಡಬೇಕು, ಎಂದು ಒಬ್ಬೊಬ್ಬರನ್ನೂ ಒಳಗೆ ಕಳುಹಿಸಿದರು. ಒಳಗೆ ಉದ್ದದ ಮೇಜಿನ ಮೇಲೆ ಉಪ್ಪಿನಕಾಯಿಯೂ ನೀರಿನ ಬಾಟಲಿಗಳೂ ಇದ್ದವು. ಜನ ಅಡಿಕೆ ಹಾಳೆಯ ತಟ್ಟೆ ತೆಗೆದುಕೊಂಡು ಮೇಜಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದರು. ಕೆಲವರು ಉಪ್ಪಿನಕಾಯಿ ಹಾಕಿಸಿಕೊಂಡರು.

ಒಬ್ಬರು ಹಿರಿಯರು, ಗಂಡಿನ ದೊಡ್ಡಪ್ಪ, ಖಾಲಿ ತಟ್ಟೆ ಹಿಡಿದು ಮೇಲೆ ಬಂದರು, ಹೂ ಹಾಕಿದ ಡ್ರಮ್ಮನ್ನು ನೋಡಿದರು, ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಎಂದು ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಹೇಳಿದರು. ಸೋಫಾದಲ್ಲಿ ನಿರೀಕ್ಷಾ ತಲೆ ತಗ್ಗಿಸಿದಳು. ಮುಖ ಮುಚ್ಚಿಕೊಳ್ಳಲು ಅವಳಿಗೆ ಕೈಗಳಿರಲಿಲ್ಲ. ಮಕ್ಕಳು ಅಳತೊಡಗಿದವು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗದೆ ಮುಖೇಶನ ಮೇಲೆ ಬಂತು.

ಆಗ ಹೇಮಾಕ್ಷಕ್ಕ ಕೆಳಗಿಳಿದು ಹೋದರು. ಗುರುವಪ್ಪಣ್ಣ ಇನ್ನೂ ಬಾಗಿಲಲ್ಲೇ ನಿಂತಿದ್ದರಂತೆ, ಮುಗಿದ ಕೈ ಬಿಡಿಸದೆ. ತಾನು ಗಂಡನಿಗೆ ಏನು ಹೇಳಿದೆನೆಂದು ನನಗೆ ಆಮೇಲೆ ಹೇಮಾಕ್ಷಕ್ಕನೇ ಹೇಳಿದ್ದು.

“ಹೋಗಿ. ಎಂತಾದ್ರೂ ಬಾರಿಸಿ. ಶಾಹುಲಾಕ ಬರುವವರೆಗೆ ಇವರನ್ನು ಕೂರಿಸಿ.”

ಖಾಲಿ ತಟ್ಟೆ ಹಿಡಿದ ಜನ ಒಬ್ಬೊಬ್ಬರಾಗಿ ಮೇಲೆ ಬಂದು ಕೂತರು. ಗುರುವಪ್ಪಣ್ಣನೂ ಬಂದರು. ಸ್ಟೇಜಿಗೆ ಹತ್ತಿದರು. ಪಂಚೆ ಮೇಲೆತ್ತಿ ಕಟ್ಟಿದರು, ಶಾಲು ತೆಗೆದು ಸ್ಪೀಕರಿನ ಮೇಲೆ ಹಾಕಿದರು. ಶಾಲು ತೆಗೆದಾಗ ನಾನು ನೋಡಿದೆ: ಸೊಂಟದಲ್ಲಿ, ಪಂಚೆಯ ಮಡಿಕೆಯಲ್ಲಿ, ಆ ಎರಡು ತೆಳ್ಳಗಿನ ಬೆತ್ತದ ಕೋಲುಗಳು. ಬಾರಿಸುವ ಹಾಗಿಲ್ಲ ಎಂದು ಗೊತ್ತಿದ್ದೂ ಸಂಜೆಯಿಡೀ ಅವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಊರವರಿಗೆಲ್ಲ ಕೈಮುಗಿದಿದ್ದರು. 

ಗೊಂಡೆಹೂ ಕಿತ್ತು ಕೆಳಗೆ ಹಾಕಿದರು. ಸಿಂಬಲ್ ಸ್ಟ್ಯಾಂಡ್ ವಾಲಿತು. ನೋಡಿದರೆ ತಿರುಪಿಲ್ಲ.

“ಎಸ್ತೆರ್, ಇದನ್ನು ಸ್ವಲ್ಪ ಹಿಡ್ಕೊಳ್ಳಿ.”

ಹೀಗೆ ನನ್ನ ಕಷಾಯ ಫ್ಲಾಸ್ಕಿನಲ್ಲೇ ಉಳಿಯಿತು. ನಾನು ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ, ಅಲುಗಾಡುವ ಹಾಗಿರಲಿಲ್ಲ.

ಬಂದರು ಶುರುವಾಯಿತು. ಜನ ರೂಢಿಯಂತೆ ಎದ್ದು ನಿಲ್ಲಲು ಹೋದರು, ಕೆಳಗೆ ಏನೂ ಇಲ್ಲವೆಂದು ನೆನಪಾಗಿ ಕೂತರು. ಹಾಳೆಯ ತಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡರು. ಮೊದಲು ಬಾಗಿಲ ಕಡೆ ನೋಡಿದರು, ಘಮ ಬರಲಿಲ್ಲ. ಫೋನ್ ನೋಡಿದರು. ಆಮೇಲೆ ನೋಡಲು ಬೇರೆ ಏನೂ ಇಲ್ಲದೆ ಸ್ಟೇಜಿನ ಕಡೆ ನೋಡಿದರು. ಬಂದರು ಮುಗಿದು ರೈಲು ಹೊರಟಿತು. ಅಳುತ್ತಿದ್ದ ಮಕ್ಕಳು ಒಂದೊಂದಾಗಿ ಸುಮ್ಮನಾದವು. ರೈಲು ಬಹಳ ಹೊತ್ತು ಹೋಯಿತು; ಸುರಂಗಕ್ಕೆ ಹೊಕ್ಕಿತು, ಹೊರಬಂತು, ಮತ್ತೊಂದು ಸುರಂಗಕ್ಕೆ ಹೊಕ್ಕಿತು. ಗಂಡಿನ ದೊಡ್ಡಪ್ಪ ಖಾಲಿ ತಟ್ಟೆಯ ಅಂಚಿನ ಮೇಲೆ ಬೆರಳು ಆಡಿಸುತ್ತಿದ್ದದ್ದು ನಾನು ನಿಂತಲ್ಲಿಂದ ಕಾಣುತ್ತಿತ್ತು. ಜನರಿಗೆ ಖುಷಿಯಾಗಿತ್ತು ಎಂದು ನಾನು ಆಣೆ ಹಾಕುವುದಿಲ್ಲ. ಕೇಳುತ್ತಿದ್ದರು, ಅದಂತೂ ನಿಜ. ಅನ್ನ ಇದ್ದಿದ್ದರೆ ಕೇಳುತ್ತಿರಲಿಲ್ಲ, ಅದೂ ನಿಜ.

ರೈಲು ನಿಂತಿತು. ಗುರುವಪ್ಪಣ್ಣ ದಪ್ಪ ಕೋಲುಗಳನ್ನು ಕೆಳಗಿಟ್ಟು ಸೊಂಟಕ್ಕೆ ಕೈ ಹಾಕಿದರು, ಬೆತ್ತದ ಕೋಲುಗಳನ್ನು ತೆಗೆದರು. ಮುನ್ನೂರು ಜನ ಅವರನ್ನೇ ನೋಡುತ್ತಿದ್ದರು. ಸರಿಯಾಗಿ ಆ ಹೊತ್ತಿಗೆ ಹಿಂದಿನ ಬಾಗಿಲಲ್ಲಿ ಶಾಹುಲಾಕ ಕಾಣಿಸಿದರು. ಅಂಗಿಯೆಲ್ಲ ಒದ್ದೆ, ಏದುಸಿರು. ತಲೆಗೆ ಬೈರಾಸು. ಮನೆಯಲ್ಲಿಟ್ಟು ಬರುತ್ತೇನೆಂದು ಕೊಟ್ಟ ಮಾತು ಅವರಿಗೆ ಆ ಗಡಿಬಿಡಿಯಲ್ಲಿ ಎಲ್ಲಿಂದ ನೆನಪಿರಬೇಕು? ಅವರ ಬೆನ್ನ ಹಿಂದೆಯೇ ಘೀ ರೈಸಿನ ಘಮವೂ ಮೆಟ್ಟಿಲು ಹತ್ತಿ ಬಂತು.

ಎಲ್ಲರೂ ತಿರುಗಿ ನೋಡಿದರು. ಯಾರೂ ಏಳಲಿಲ್ಲ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಬೇಕಾದರೆ ಬೈಬಲಿನ ಮೇಲೆ ಕೈಯಿಡುತ್ತೇನೆ. ಅಜ್ಜಿಯರು ಚಪ್ಪಲಿ ಹುಡುಕಲಿಲ್ಲ. ಘಮ ಮೂಗಿಗೆ ಬಡಿಯುತ್ತಿದ್ದರೂ ಒಮ್ಮೆ ಬಾಗಿಲು, ಒಮ್ಮೆ ಗುರುವಪ್ಪಣ್ಣನ ಕೈ ನೋಡುತ್ತಾ ಕೂತೇ ಇದ್ದರು. ಬಾರಿಸಿ, ಬಾರಿಸಿ ಮಾರಾಯ್ರೆ ಎಂದು ನಾನು ಸ್ಟ್ಯಾಂಡ್ ಹಿಡಿದುಕೊಂಡೇ ಮನಸ್ಸಿನಲ್ಲಿ ಕೂಗಿದೆ. ಡ್ರಮ್ ಸೋಲೋ ಮುಂದುವರಿಯಲಿ ಎಂದು ನಾನು ಬಯಸಿದ್ದು ಅದೇ ಮೊದಲು.

ಗುರುವಪ್ಪಣ್ಣ ಕೋಲುಗಳನ್ನು ನೋಡಿದರು. ಮುಂದಿನ ಸಾಲಿನ ಮಕ್ಕಳನ್ನು ನೋಡಿದರು. ಆಮೇಲೆ ಕೋಲುಗಳನ್ನು ಡ್ರಮ್ಮಿನ ಮೇಲೆ ಸದ್ದಾಗದ ಹಾಗೆ ಇಟ್ಟು, ಮುಖೇಶನ ಕೈಯಿಂದ ಮೈಕ್ ತೆಗೆದುಕೊಂಡರು.

“ಅನ್ನ ಬಂತು. ಎಲ್ಲರೂ ಏಳಿ, ಊಟ ಮಾಡಿ.”

ಮದುಮಗಳ ಅಪ್ಪ ಮೈಕಿನಲ್ಲಿ ಹೇಳಬಾರದ ಮಾತು ಅದು. ಹೇಳಿದ್ದಕ್ಕೆ ತಪ್ಪುಕಾಣಿಕೆಯೆಂಬಂತೆ ಪಂಚೆ ಇಳಿಬಿಟ್ಟು, ಶಾಲು ಹೊದ್ದು, ಜನರಿಗಿಂತ ಮೊದಲು ಓಡಿಹೋಗಿ ಕೆಳಗಿನ ಬಾಗಿಲಲ್ಲಿ ಕೈಮುಗಿದು ನಿಂತರು. ನನಗೆ ಹೊಟ್ಟೆ ಉರಿಯಿತು. ಇನ್ನು ಸ್ವಲ್ಪ ಹೊತ್ತು ಬಾರಿಸಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಗಂಡಿನ ದೊಡ್ಡಪ್ಪ ಬಾಗಿಲಲ್ಲಿ ನಿಂತು, ರೈಲು ಆದ ಮೇಲೆ ಎಂತದೋ ಇತ್ತಲ್ಲ, ಅದೆಂತದು ಎಂದು ಕೇಳಿದರಂತೆ. ಎಂತ ಇಲ್ಲ, ಊಟ ಮಾಡಿ ಎಂದರಂತೆ ಗುರುವಪ್ಪಣ್ಣ.

ಹಾಲು ಖಾಲಿಯಾಯಿತು. ಆರ್ಕೆಸ್ಟ್ರಾದವರ ಊಟ ಯಾವಾಗಲೂ ಕೊನೆಗೆ, ಆದ್ದರಿಂದ ನಾವು ಉಳಿದೆವು. ನಿರೀಕ್ಷಾ ಸೋಫಾದಲ್ಲೇ ಉಳಿದಳು, ಮದರಂಗಿ ಒಣಗಿರಲಿಲ್ಲ. ಹೇಮಾಕ್ಷಕ್ಕ ಒಂದು ತಟ್ಟೆಯಲ್ಲಿ ಘೀ ರೈಸ್, ಚಿಕನ್ ಸುಕ್ಕ ತಂದು ಮಗಳಿಗೆ ತಿನ್ನಿಸತೊಡಗಿದರು. ಎಲ್ಲರನ್ನೂ ಒಳಗೆ ಕಳುಹಿಸಿ ಗುರುವಪ್ಪಣ್ಣ ಮೇಲೆ ಬಂದರು, ಡ್ರಮ್ಮನ್ನು ಕಳಚಿ ವ್ಯಾನಿಗೆ ಹಾಕಲಿಕ್ಕೆ.

“ಪಪ್ಪ,” ಎಂದಳು ನಿರೀಕ್ಷಾ ಬಾಯಲ್ಲಿ ತುತ್ತಿಟ್ಟುಕೊಂಡೇ. “ಅದನ್ನು ಮುಗಿಸಿ.”

“ಈಗ ಯಾರಿಗೆ?”

“ನಾನಿದ್ದೇನಲ್ಲ. ನನಗೆ ಎದ್ದು ಹೋಗ್ಲಿಕ್ಕೆ ಆಗುದಿಲ್ಲ.”

ಸಣ್ಣವಳಿರುವಾಗಿನಿಂದ ಅಪ್ಪನ ಕಾರ್ಯಕ್ರಮಗಳಿಗೆ ಬಂದವಳು ಅವಳು. ಆದರೆ ಡ್ರಮ್ ಶುರುವಾದ ಕೂಡಲೇ ಹೇಮಾಕ್ಷಕ್ಕ ಅವಳ ಕೈ ಹಿಡಿದು, ನೂಕುನುಗ್ಗಲಿಗೆ ಮೊದಲು ಊಟ ಮಾಡಿಸಲೆಂದು ಎಬ್ಬಿಸಿಕೊಂಡು ಹೋಗುತ್ತಿದ್ದರು. ಹುಲಿಯನ್ನು ತಾಯಿಯೂ ಕೇಳಿರಲಿಲ್ಲ, ಮಗಳೂ ಕೇಳಿರಲಿಲ್ಲ. ಹೇಮಾಕ್ಷಕ್ಕ ಗಂಡನ ಮುಖ ನೋಡಲಿಲ್ಲ, ತಟ್ಟೆಯಲ್ಲಿ ಮೂಳೆ ಬಿಡಿಸುತ್ತಾ ಬಾರಿಸಿ ಎಂದಷ್ಟೇ ಹೇಳಿದರು. ನಾನು ಯಾರೂ ಕೇಳುವ ಮೊದಲೇ ಹೋಗಿ ಸಿಂಬಲ್ ಸ್ಟ್ಯಾಂಡ್ ಹಿಡಿದೆ.

ಹುಲಿ ಬಂತು. ಹೇಗಿತ್ತೆಂದು ಬರೆಯಲು ನನಗೆ ಬರುವುದಿಲ್ಲ, ನಾನು ಹಾಡುವವಳು. ಹೇಮಾಕ್ಷಕ್ಕನ ಕೈಯಲ್ಲಿ ತುತ್ತು ಅರ್ಧದಲ್ಲೇ ನಿಂತಿತು. ಅದಕ್ಕಾಗಿ ತೆರೆದ ನಿರೀಕ್ಷಾಳ ಬಾಯಿ ತೆರೆದೇ ಇತ್ತು. ಅವಳ ಕೈ ದಿಂಬಿನ ಮೇಲೆ ಅಲುಗಲಿಲ್ಲ, ಕಾಲುಗಳನ್ನು ಮಾತ್ರ ಯಾರೂ ಹಿಡಿದಿರಲಿಲ್ಲ. ಮದುವೆಯ ಫೋಟೊದಲ್ಲಿ ನೋಡಿ, ಎಡಪಾದದ ಬಳ್ಳಿಯೆಲ್ಲ ಅಳಿಸಿ ಕೆಂಪು ಮುದ್ದೆಯಾಗಿದೆ. ಸ್ಟ್ಯಾಂಡ್ ಹಿಡಿದ ನನ್ನ ಕಾಲು ಏನು ಮಾಡುತ್ತಿತ್ತೆಂದು ಮುಖೇಶ ಊರಿಡೀ ಹೇಳಿಕೊಂಡು ಬಂದಿದ್ದಾನೆ, ನಾನು ಬೇರೆ ಹೇಳುವುದಿಲ್ಲ.

ಮುಗಿಯಿತು. ಗುರುವಪ್ಪಣ್ಣ ಬೆವರು ಒರೆಸಿಕೊಂಡರು. ಮೀಸೆಯ ಬಣ್ಣ ಸ್ವಲ್ಪ ಶಾಲಿಗೆ ಬಂತು.

“ಹೇಗಾಯ್ತು?” ಎಂದು ಕೇಳಿದರು.

ನಿರೀಕ್ಷಾ ಬಾಯಲ್ಲಿದ್ದದ್ದನ್ನು ನುಂಗಿ, ಗಿರಾಕಿಯ ಮುಖಕ್ಕೆ ಫ್ರೇಮ್ ಹಿಡಿದು ನೋಡುವವಳಂತೆ ಅಪ್ಪನನ್ನು ನೋಡಿದಳು.

“ಹುಲಿ ಲಾಯ್ಕಾಯ್ತು ಪಪ್ಪ. ರೈಲು ಉದ್ದ ಆಯ್ತು.”

ಹೇಮಾಕ್ಷಕ್ಕ ಅವಳ ಭುಜಕ್ಕೆ ತಿವಿದರು. ಗುರುವಪ್ಪಣ್ಣ ಕೋಲುಗಳನ್ನು ಜೋಡಿಸಿ ಮಡಿಲಲ್ಲಿಟ್ಟುಕೊಂಡು ತಲೆಯಾಡಿಸಿದರು.

“ನನಗೂ ಎಷ್ಟೋ ಸಮಯದಿಂದ ಹಾಗೇ ಅನ್ನಿಸ್ತಿತ್ತು,” ಎಂದರು. “ಹೇಳ್ಲಿಕ್ಕೆ ಯಾರೂ ಇರ್ತಿರ್ಲಿಲ್ಲ.”

ಆಮೇಲೆ ಸ್ಟೇಜಿನಿಂದ ಇಳಿದು ಬಂದು ಹೇಮಾಕ್ಷಕ್ಕನ ಕೈಯಿಂದ ತಟ್ಟೆ ತೆಗೆದುಕೊಂಡು, ಮಗಳ ಪಕ್ಕ ಕೂತು, ಉಳಿದ ಅನ್ನವನ್ನು ತಾವೇ ತಿನ್ನಿಸಿದರು.